ಕಾಣೆಯಾದ ಆರುನೂರು ಗ್ರಾಂ

ಮಕ್ಕಳೇ, ಇವತ್ತು ನಿಮ್ಮನ್ನೊಂದು ಅಡುಗೆಮನೆಗೆ ಕರೆದುಕೊಂಡು ಹೋಗುತ್ತೇನೆ. ಅದು ನಮ್ಮೂರಲ್ಲಿಲ್ಲ, ದೂರದ ಅಮೆರಿಕದಲ್ಲಿದೆ. ಶನಿವಾರ ಬೆಳಗ್ಗೆ ಎಂದಿಟ್ಟುಕೊಳ್ಳಿ. ಒಬ್ಬ ಅಜ್ಜಿ ದನದ ಮಾಂಸದ ತೆಳ್ಳನೆಯ ಹೋಳುಗಳನ್ನು ತಕ್ಕಡಿಯ ಮೇಲಿಟ್ಟು ತೂಗುತ್ತಿದ್ದಾರೆ. ಸರಿಯಾಗಿ ಒಂದು ಕಿಲೋ. ಪಕ್ಕದಲ್ಲಿ ನಿಂತ ಮೊಮ್ಮಗ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ.

ಮರುದಿನ ರಾತ್ರಿ ಊಟದ ಹೊತ್ತಿಗೆ ಅದೇ ಹೋಳುಗಳನ್ನು ಮತ್ತೆ ತೂಗುತ್ತಾರೆ. ತಕ್ಕಡಿ ಸುಮಾರು 400 ಗ್ರಾಂ ತೋರಿಸುತ್ತದೆ. ಹುಡುಗ ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡುತ್ತಾನೆ. ಬೆಕ್ಕು ಒಳಗೆ ಬಂದಿಲ್ಲ. ಯಾರೂ ಕದ್ದು ತಿಂದಿಲ್ಲ. ಎಣಿಸಿದರೆ ನಿನ್ನೆ ಬೆಳಗ್ಗೆ ಎಷ್ಟು ಹೋಳುಗಳಿದ್ದವೋ ಈಗಲೂ ಅಷ್ಟೇ ಇವೆ.

"ಅಜ್ಜಿ, ಆರುನೂರು ಗ್ರಾಂ ಎಲ್ಲಿ ಹೋಯ್ತು?"

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇವತ್ತಿನ ನಮ್ಮ ಕೆಲಸ. ಕೆಲವರ ಮನೆಯಲ್ಲಿ ಮಾಂಸ ತಿನ್ನುತ್ತಾರೆ, ಕೆಲವರ ಮನೆಯಲ್ಲಿ ತಿನ್ನುವುದಿಲ್ಲ. ಆದರೆ ಅಲ್ಲಿ ಮಾಂಸ ಒಣಗುವುದಕ್ಕೂ ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಒಣಗುವುದಕ್ಕೂ ನಿಯಮ ಒಂದೇ. ಹಾಗಾಗಿ ಎಲ್ಲರೂ ಬನ್ನಿ.

ಬೆಟ್ಟದಿಂದ ಇಳಿದು ಬಂದ ಹೆಸರು

ಅಜ್ಜಿ ಮಾಡುತ್ತಿರುವ ತಿನಿಸಿನ ಹೆಸರು ಜರ್ಕಿ. ಈ ಹೆಸರು ಹುಟ್ಟಿದ್ದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ. ಅಲ್ಲಿನ ಕೆಚುವಾ ಭಾಷೆಯಲ್ಲಿ ಒಣಗಿಸಿದ ಮಾಂಸಕ್ಕೆ 'ಚಾರ್ಕಿ' ಎನ್ನುತ್ತಾರೆ. ಸ್ಪೇನಿನವರ ಬಾಯಲ್ಲಿ ಅದು ಚಾರ್ಕಿಯಾಗಿಯೇ ಉಳಿಯಿತು, ಇಂಗ್ಲಿಷಿನವರ ಬಾಯಲ್ಲಿ ಜರ್ಕಿ ಆಯಿತು.

ಆಂಡೀಸಿನ ಎತ್ತರದ ಬಯಲಿನಲ್ಲಿ ಟಿಟಿಕಾಕ ಎಂಬ ದೊಡ್ಡ ಸರೋವರವಿದೆ. ಅದು ಸಮುದ್ರ ಮಟ್ಟದಿಂದ 3,812 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಪೇರಿಸಿದರೆ ಹೆಚ್ಚುಕಡಿಮೆ ಆ ಎತ್ತರ ಬಂದೀತು. ಅಲ್ಲಿ ಜೂನ್, ಜುಲೈ ತಿಂಗಳು ಚಳಿಗಾಲ. ಹಗಲು ಚುರುಗುಟ್ಟುವ ಬಿಸಿಲು, ಒಣ ಗಾಳಿ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಅಲ್ಲಿನ ಜನ ಲಾಮಾ ಎಂಬ ಪ್ರಾಣಿಯ ಮಾಂಸವನ್ನು ತೆಳುವಾಗಿ ಕೊಯ್ದು, ಉಪ್ಪು ಸವರಿ, ಆ ಬಿಸಿಲಿಗೂ ಚಳಿಗೂ ಒಡ್ಡುತ್ತಿದ್ದರು. ಕೆಲವು ದಿನಗಳಲ್ಲಿ ಮಾಂಸ ಒಣಗಿ ಗಟ್ಟಿಯಾಗುತ್ತಿತ್ತು. ಇಂಕಾ ಅರಸರ ಕಾಲದಲ್ಲಿ ಹೀಗೆ ಒಣಗಿಸಿದ ಮಾಂಸವನ್ನು 'ಕೊಲ್ಕಾ' ಎಂಬ ಕಲ್ಲಿನ ಉಗ್ರಾಣಗಳಲ್ಲಿ ತುಂಬಿಡುತ್ತಿದ್ದರು. ಬರ ಬಂದಾಗ ಅದು ಊರಿಗೆ ಊಟ, ದಂಡು ಹೊರಟಾಗ ಸೈನಿಕರಿಗೆ ಬುತ್ತಿ.

ಇಂಥ ಜಾಣತನ ಒಂದೇ ಕಡೆ ಹುಟ್ಟಿದ್ದಲ್ಲ. ಉತ್ತರ ಅಮೆರಿಕದ ಕ್ರೀ ಜನ ಕಾಡೆಮ್ಮೆಯ ಒಣ ಮಾಂಸವನ್ನು ಕುಟ್ಟಿ ಪುಡಿ ಮಾಡಿ, ಕೊಬ್ಬು ಬೆರೆಸಿ ಪೆಮ್ಮಿಕನ್ ಎಂಬ ಬುತ್ತಿ ಮಾಡುತ್ತಿದ್ದರು. ದಕ್ಷಿಣ ಆಫ್ರಿಕದವರು ಮಾಂಸಕ್ಕೆ ವಿನಿಗರ್, ಉಪ್ಪು ಹಾಗೂ ನಮಗೆ ಚೆನ್ನಾಗಿ ಗೊತ್ತಿರುವ ಕೊತ್ತಂಬರಿ ಬೀಜದ ಪುಡಿ ಹಚ್ಚಿ, ನೇತುಹಾಕಿ ಒಣಗಿಸುತ್ತಾರೆ. ಅದರ ಹೆಸರು ಬಿಲ್ಟಾಂಗ್. ನಮ್ಮ ಕರಾವಳಿಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಬಂಗುಡೆ, ಸಿಗಡಿಗಳನ್ನು ಒಣಗಿಸಿ ಡಬ್ಬಿ ತುಂಬಿಸಿಕೊಂಡಿರುತ್ತಾರೆ.

ಇವರಲ್ಲಿ ಯಾರೂ ಇನ್ನೊಬ್ಬರನ್ನು ಕೇಳಿ ಕಲಿತವರಲ್ಲ. ಆದರೂ ಎಲ್ಲರೂ ಒಂದೇ ಗುಟ್ಟನ್ನು ಕಂಡುಕೊಂಡರು: ನೀರು ಹೋದರೆ ಆಹಾರ ಉಳಿಯುತ್ತದೆ.

ಕೈ ಹಿಡಿದ ನೀರು, ಕೈಬಿಟ್ಟ ನೀರು

ನೀರು ಹೋದರೆ ಆಹಾರ ಯಾಕೆ ಉಳಿಯುತ್ತದೆ?

ಆಹಾರವನ್ನು ಕೆಡಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಬೂಷ್ಟುಗಳು. ಅವುಗಳಿಗೆ ಬಾಯಿಲ್ಲ. ಸುತ್ತಲಿನ ನೀರಿನಲ್ಲಿ ಕರಗಿರುವ ಆಹಾರವನ್ನು ಮೈಯಿಂದಲೇ ಒಳಗೆ ಎಳೆದುಕೊಳ್ಳುತ್ತವೆ. ನೀರಿಲ್ಲದಿದ್ದರೆ ಅವುಗಳಿಗೆ ಊಟವೂ ಇಲ್ಲ, ಬೆಳವಣಿಗೆಯೂ ಇಲ್ಲ. ಹಸಿ ಮಾಂಸದ ಒಂದು ಕಿಲೋದಲ್ಲಿ 700 ಗ್ರಾಮಿಗೂ ಹೆಚ್ಚು ನೀರೇ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ತುಂಬಿದ ಕೆರೆಯ ಪಕ್ಕದ ಹೊಲವಿದ್ದಂತೆ.

ಈಗ ಒಂದು ಲೆಕ್ಕ. 700 ಗ್ರಾಮಿಗಿಂತ ಹೆಚ್ಚಿದ್ದ ನೀರಿನಲ್ಲಿ ಹೊರಟುಹೋದದ್ದು 600. ಅಂದರೆ ಜರ್ಕಿಯಲ್ಲಿ ಇನ್ನೂ ನೂರು ಗ್ರಾಮಿಗೂ ಮೇಲ್ಪಟ್ಟು ನೀರು ಉಳಿದಿದೆ! ಆದರೂ ಅದು ಬೇಗ ಕೆಡುವುದಿಲ್ಲ. ಜೇನುತುಪ್ಪವೂ ಹಾಗೆಯೇ. ಅದರ ನೂರು ಗ್ರಾಮಿನಲ್ಲಿ ಸುಮಾರು 17 ಗ್ರಾಂ ನೀರಿದೆ, ಆದರೂ ವರ್ಷಗಟ್ಟಲೆ ಇಡಬಹುದು.

ಇದರ ಗುಟ್ಟು ಜಾತ್ರೆಯಲ್ಲಿದೆ. ಜಾತ್ರೆಯಲ್ಲಿ ಅಪ್ಪ ಅಮ್ಮನ ಕೈ ಹಿಡಿದಿರುವ ಮಕ್ಕಳೂ ಇರುತ್ತಾರೆ, ಕೈ ಬಿಡಿಸಿಕೊಂಡು ಓಡಾಡುವ ಮಕ್ಕಳೂ ಇರುತ್ತಾರೆ. ಆಹಾರದಲ್ಲಿರುವ ನೀರೂ ಹೀಗೆಯೇ. ಕೆಲವು ನೀರಿನ ಕಣಗಳನ್ನು ಉಪ್ಪು, ಸಕ್ಕರೆ, ಪ್ರೋಟೀನುಗಳು ಕೈ ಹಿಡಿದು ನಿಲ್ಲಿಸಿಕೊಂಡಿರುತ್ತವೆ. ಉಳಿದವು ಸ್ವತಂತ್ರವಾಗಿ ಓಡಾಡುತ್ತವೆ. ಬ್ಯಾಕ್ಟೀರಿಯಾಗಳಿಗೆ ಸಿಗುವುದು ಹೀಗೆ ಓಡಾಡುವ ನೀರು ಮಾತ್ರ.

ಈ ಓಡಾಡುವ ನೀರನ್ನು ಅಳೆಯಲು ವಿಜ್ಞಾನಿಗಳು ಸೊನ್ನೆಯಿಂದ ಒಂದರವರೆಗಿನ ಒಂದು ಅಳತೆಗೋಲು ಮಾಡಿಕೊಂಡಿದ್ದಾರೆ. ಅದಕ್ಕೆ 'ನೀರಿನ ಚಟುವಟಿಕೆ' ಎಂದು ಹೆಸರು. ಶುದ್ಧ ನೀರಿಗೆ 1. ಹಸಿ ಮಾಂಸಕ್ಕೆ ಸುಮಾರು 0.99. ಅದು 0.85ಕ್ಕೆ ಇಳಿದರೆ ರೋಗ ತರುವ ಬ್ಯಾಕ್ಟೀರಿಯಾಗಳು ಬೆಳೆಯಲಾರವು. 0.6ಕ್ಕಿಂತ ಕೆಳಗೆ ಬೂಷ್ಟು ಕೂಡ ಏಳುವುದಿಲ್ಲ. ಜರ್ಕಿ ಮಾಡುವವರು ಕೈಬಿಟ್ಟ ನೀರನ್ನು ಹೊರಗೆ ಓಡಿಸಿ, ಉಳಿದ ನೀರಿನ ಕೈಯನ್ನು ಉಪ್ಪಿಗೆ ಹಿಡಿಸಿ, 0.85ರ ಆ ಗೆರೆಯನ್ನು ದಾಟಿ ಕೆಳಗಿಳಿಯಬೇಕು.

ಚಾಕು ಮಾಡುವ ಗಣಿತ

ಅಜ್ಜಿ ಮಾಂಸವನ್ನು ಮೊದಲು ಫ್ರೀಜರಿನಲ್ಲಿಟ್ಟು ಅರೆಗಟ್ಟಿ ಮಾಡಿಕೊಂಡಿದ್ದರು. ಮೆತ್ತಗಿದ್ದರೆ ಚಾಕು ಜಾರಿ ಹೋಳುಗಳು ದಪ್ಪ ತೆಳು ಆಗಿಬಿಡುತ್ತವೆ. ಬಿಳಿ ಕೊಬ್ಬನ್ನೆಲ್ಲ ಕೊಯ್ದು ತೆಗೆದರು. ಕೊಬ್ಬು ಒಣಗುವುದಿಲ್ಲ, ದಿನ ಕಳೆದಂತೆ ಗಾಳಿಯ ಆಮ್ಲಜನಕದೊಡನೆ ಸೇರಿ ಕಮಟು ವಾಸನೆ ಬರಿಸುತ್ತದೆ. ಹಳೆಯ ಕೊಬ್ಬರಿಗೆ ಬರುತ್ತದಲ್ಲ, ಅದೇ ಕಮಟು. ಆಮೇಲೆ ಆರು ಮಿಲಿಮೀಟರಿಗಿಂತ ದಪ್ಪವಾಗದಂತೆ ಹೋಳು ಮಾಡಿದರು.

ಇಷ್ಟು ತೆಳುವಾಗಿ ಯಾಕೆ ಕೊಯ್ಯಬೇಕು? ಲೆಕ್ಕ ಹಾಕೋಣ. ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಗಟ್ಟಿಗೆ ಆರು ಮುಖಗಳು. ಒಂದೊಂದೂ 100 ಚದರ ಸೆಂಟಿಮೀಟರ್. ಒಟ್ಟು 600. ಅದನ್ನೇ ಅರ್ಧ ಸೆಂಟಿಮೀಟರ್ ದಪ್ಪದ 20 ಹೋಳು ಮಾಡಿ. ಒಂದು ಹೋಳಿನ ಎರಡು ಮುಖ ಸೇರಿ 200, ನಾಲ್ಕು ಅಂಚು ಸೇರಿ 20. ಒಟ್ಟು 220. ಇಪ್ಪತ್ತು ಹೋಳಿಗೆ 4,400! ಮಾಂಸ ಅಷ್ಟೇ, ಗಾಳಿಗೆ ತೆರೆದುಕೊಂಡ ಮೈ ಮಾತ್ರ ಏಳು ಪಟ್ಟಿಗಿಂತ ಹೆಚ್ಚು. ನೀರು ಹೊರಗೆ ಹೋಗಲು ಅಷ್ಟು ಬಾಗಿಲು ತೆರೆದಂತಾಯಿತು.

ಇನ್ನೊಂದು ವಿಷಯ. ಹೋಳಿನ ನಡುವಿನಲ್ಲಿರುವ ನೀರು ಮೈಮೇಲಕ್ಕೆ ನಡೆದು ಬರಬೇಕು. ದಪ್ಪ ಎರಡರಷ್ಟಾದರೆ ಆ ನಡಿಗೆಗೆ ಹಿಡಿಯುವ ಕಾಲ ಎರಡರಷ್ಟಲ್ಲ, ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ.

ಹೋಳನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದೇ ದಿಕ್ಕಿಗೆ ಓಡುವ ಸಣ್ಣ ಸಣ್ಣ ಎಳೆಗಳು ಕಾಣುತ್ತವೆ. ಅವು ಸ್ನಾಯುವಿನ ನಾರುಗಳು. ಬಾಳೆದಿಂಡು ಹೆಚ್ಚುವಾಗ ಬೆರಳಿಗೆ ಸುತ್ತಿಕೊಳ್ಳುವ ನಾರನ್ನು ನೆನಪಿಸಿಕೊಳ್ಳಿ. ನಾರಿನ ಉದ್ದಕ್ಕೆ ಕೊಯ್ದರೆ ಜರ್ಕಿ ಜಗಿದಷ್ಟೂ ಜಗಿಯುವಂತೆ ಇರುತ್ತದೆ. ಅಡ್ಡಕ್ಕೆ ಕೊಯ್ದರೆ ಸುಲಭವಾಗಿ ಮುರಿಯುತ್ತದೆ. ಅಜ್ಜಿ ಅರ್ಧ ಹೀಗೆ, ಅರ್ಧ ಹಾಗೆ ಕೊಯ್ದರು. ತಮ್ಮ ಹಲ್ಲಿಗೆ ಅಡ್ಡ ಕೊಯ್ದದ್ದು, ಮೊಮ್ಮಗನಿಗೆ ಉದ್ದ ಕೊಯ್ದದ್ದು.

ಮುಂದಿನ ಕೆಲಸ ಉಪ್ಪು, ಸೋಯಾ ರಸ, ಕಾಳುಮೆಣಸಿನ ಪುಡಿ ಬೆರೆಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಡುವುದು. ಉಪ್ಪು ಏನು ಮಾಡುತ್ತದೆಂದು ನಿಮಗೆ ಗೊತ್ತೇ ಇದೆ. ಉಪ್ಪಿನಕಾಯಿಗೆಂದು ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯಲ್ಲಿ ನೀರು ಬಿಟ್ಟುಕೊಂಡಿರುತ್ತದೆ. ನಾವು ಒಂದು ತೊಟ್ಟೂ ನೀರು ಹಾಕಿರುವುದಿಲ್ಲ. ಹೋಳಿನೊಳಗಿನ ನೀರನ್ನು ಉಪ್ಪು ಹೊರಗೆ ಕರೆದಿರುತ್ತದೆ.

ಮೂರು ಕರವಸ್ತ್ರಗಳ ಪ್ರಯೋಗ

ಇನ್ನು ಒಣಗಿಸಬೇಕು. ಯಾವುದರಲ್ಲಿ? ಅದನ್ನು ತೀರ್ಮಾನಿಸುವ ಮೊದಲು ನೀವೇ ಒಂದು ಪ್ರಯೋಗ ಮಾಡಿ. ಮಾಂಸ ಬೇಡ. ಒಂದೇ ಅಳತೆಯ ಮೂರು ಕರವಸ್ತ್ರ ಸಾಕು. ಮೂರನ್ನೂ ನೆನೆಸಿ ಚೆನ್ನಾಗಿ ಹಿಂಡಿ.

ಮೊದಲನೆಯದನ್ನು ಒಂದು ತಟ್ಟೆಯ ಮೇಲೆ ಹರಡಿ, ಗಾಜಿನ ಬೋಗುಣಿ ಮುಚ್ಚಿ, ಬಿಸಿಲಿನಲ್ಲಿಡಿ. ಅಲ್ಲಿ ಬಿಸಿ ಇದೆ, ಗಾಳಿಯ ಓಡಾಟವಿಲ್ಲ. ಎರಡನೆಯದನ್ನು ಮನೆಯೊಳಗೆ ಫ್ಯಾನಿನ ಕೆಳಗೆ ನೇತುಹಾಕಿ. ಅಲ್ಲಿ ಗಾಳಿ ಇದೆ, ಬಿಸಿಲಿಲ್ಲ. ಮೂರನೆಯದನ್ನು ಗಾಳಿ ಬೀಸುವ ಬಿಸಿಲಿನಲ್ಲಿ ಹಗ್ಗಕ್ಕೆ ಹಾಕಿ. ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿ ಬರೆದುಕೊಳ್ಳಿ.

ಹಗ್ಗದ ಮೇಲಿನದು ಮೊದಲು ಒಣಗುತ್ತದೆ. ಫ್ಯಾನಿನ ಕೆಳಗಿನದು ಆಮೇಲೆ. ಬೋಗುಣಿಯೊಳಗಿನದು? ಅದು ಬಿಸಿಯಾಗಿರುತ್ತದೆ, ಆದರೆ ಒದ್ದೆಯಾಗಿಯೇ ಇರುತ್ತದೆ. ಗಾಜಿನ ಒಳಮೈ ನೋಡಿ. ಹನಿ ಹನಿ ನೀರು ಕೂತಿರುತ್ತದೆ. ನೀರು ಬಟ್ಟೆಯಿಂದ ಎದ್ದಿತು, ಆದರೆ ಹೋಗಲು ದಾರಿ ಸಿಗಲಿಲ್ಲ.

ಬಿಸಿ ನೀರನ್ನು ಎಬ್ಬಿಸುತ್ತದೆ. ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ಒಣಗಲು ಎರಡೂ ಬೇಕು. ಬಿಸಿ ಗಾಳಿ ಹೊರುವ ನೀರೂ ಹೆಚ್ಚು. 30 ಡಿಗ್ರಿ ಸೆಲ್ಸಿಯಸ್ಸಿನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಹೊತ್ತೀತು. 60 ಡಿಗ್ರಿಯಾದರೆ ಸುಮಾರು 130 ಗ್ರಾಂ.

ಯಾವ ಯಂತ್ರ ಒಳ್ಳೆಯದು?

ಈಗ ನೀವು ಅಂಗಡಿಗೆ ಹೋಗಿ ಯಂತ್ರ ಆರಿಸಬಲ್ಲಿರಿ. ಪ್ರತಿಯೊಂದರ ಮುಂದೆ ನಿಂತು ಎರಡೇ ಪ್ರಶ್ನೆ ಕೇಳಿ: ಬಿಸಿ ಎಷ್ಟು? ಗಾಳಿಗೆ ದಾರಿ ಎಲ್ಲಿ?

ಮೈಕ್ರೋವೇವ್ ಒಲೆ ಆಹಾರದೊಳಗಿನ ನೀರನ್ನು ಬೇಗ ಕಾಯಿಸುತ್ತದೆ, ಆದರೆ ಒಂದೇ ಸಮನೆ ಗಾಳಿಯಾಡಿಸಿ ಒಣಗಿಸುವುದಿಲ್ಲ. ಕೆಲವು ಕಡೆ ಸುಟ್ಟು, ಕೆಲವು ಕಡೆ ಹಸಿಯಾಗಿ ಉಳಿಯುತ್ತದೆ. ಅದು ಬೇಡ.

ಅಮೆರಿಕದ ಹೆಚ್ಚಿನ ಮನೆಗಳಲ್ಲಿ ಓವನ್ ಇರುತ್ತದೆ. ಅದು ನಮ್ಮ ಗಾಜಿನ ಬೋಗುಣಿಯ ಹಾಗೆ. ಬಿಸಿ ಬೇಕಾದಷ್ಟಿದೆ, ಗಾಳಿ ಹೊರಗೆ ಹೋಗುವುದಿಲ್ಲ. ಹಾಗಾಗಿ ಬಾಗಿಲನ್ನು ಸ್ವಲ್ಪ ತೆರೆದಿಟ್ಟೇ ಒಣಗಿಸುತ್ತಾರೆ. ಎಷ್ಟೋ ಓವನ್‌ಗಳ ಬಿಸಿಯನ್ನು 60 ಡಿಗ್ರಿಗೆ ಇಳಿಸಲು ಬರುವುದಿಲ್ಲ. ಬಿಸಿ ಅತಿಯಾದರೆ ಹೋಳಿನ ಹೊರಮೈ ಬೇಗ ಒಣಗಿ ಗಟ್ಟಿ ಸಿಪ್ಪೆ ಕಟ್ಟುತ್ತದೆ. ಒಳಗಿನ ನೀರು ಒಳಗೇ ಸಿಕ್ಕಿಬೀಳುತ್ತದೆ. ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ಹಸಿ.

ಡಿಹೈಡ್ರೇಟರ್ ಎಂಬುದು ಒಣಗಿಸಲೆಂದೇ ಮಾಡಿದ ಪೆಟ್ಟಿಗೆ. ಒಂದು ಕಾಯಿಸುವ ತಂತಿ, ಒಂದು ಸಣ್ಣ ಫ್ಯಾನು, ಜಾಲರಿಯ ತಟ್ಟೆಗಳು. ಬಿಸಿಲನ್ನೂ ಗಾಳಿಯನ್ನೂ ಪೆಟ್ಟಿಗೆಯಲ್ಲಿ ಕೂಡಿಹಾಕಿದಂತೆ. ಇದರಲ್ಲಿ ಎರಡು ಬಗೆ. ಒಂದು ದುಂಡನೆಯದು. ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಜೋಡಿಸುತ್ತಾರೆ. ಫ್ಯಾನು ತಳದಲ್ಲೋ ತಲೆಯಲ್ಲೋ ಇರುತ್ತದೆ. ಬೆಲೆ ಕಡಿಮೆ. ಆದರೆ ಫ್ಯಾನಿನ ಹತ್ತಿರದ ತಟ್ಟೆ ಮೊದಲು ಒಣಗುತ್ತದೆ, ದೂರದ್ದು ತಡ. ಆಗಾಗ ತಟ್ಟೆಗಳ ಜಾಗ ಬದಲಿಸಬೇಕು. ಫ್ಯಾನು ತಳದಲ್ಲಿದ್ದರೆ ಮಾಂಸದ ರಸ ಅದರ ಮೇಲೆ ತೊಟ್ಟಿಕ್ಕುವುದೂ ಉಂಟು. ಇನ್ನೊಂದು ಚೌಕಾಕಾರದ್ದು. ಫ್ಯಾನು ಹಿಂದಿನ ಗೋಡೆಯಲ್ಲಿರುತ್ತದೆ. ಗಾಳಿ ಎಲ್ಲ ತಟ್ಟೆಗಳ ಮೇಲೂ ಅಡ್ಡಕ್ಕೆ ಒಂದೇ ಸಮನೆ ಹಾಯುತ್ತದೆ. ಬೆಲೆ ಸ್ವಲ್ಪ ಹೆಚ್ಚು. ಮಾಂಸ ಒಣಗಿಸುವವರಿಗೆ ಇದೇ ಮೇಲು.

ಯಾವ ಬಗೆಯದನ್ನು ಕೊಂಡರೂ ಬಿಸಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ ಇರಲೇಬೇಕು. 60 ಡಿಗ್ರಿಯನ್ನು ಮುಟ್ಟಿ ಅಲ್ಲೇ ನಿಲ್ಲಬೇಕು. ಗುಂಡಿಯ ಮೇಲೆ ಬರೆದದ್ದನ್ನು ನಂಬಿ ಕೂರದೆ, ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಬೇಕು. ತಟ್ಟೆಗಳನ್ನು ಸುಲಭವಾಗಿ ತೊಳೆಯುವಂತಿರಬೇಕು.

ಕರೆಂಟಿನ ಲೆಕ್ಕವೂ ಸ್ವಾರಸ್ಯವಾಗಿದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,350 ಜೂಲ್ ಶಕ್ತಿ ಬೇಕು. 600 ಗ್ರಾಮಿಗೆ ಬೇಕಾಗುವುದು ಸುಮಾರು 0.4 ಯೂನಿಟ್ ವಿದ್ಯುತ್ತು. ಆದರೆ 500 ವಾಟಿನ ಯಂತ್ರ ಹತ್ತು ಗಂಟೆ ಪೂರ್ತಿ ಓಡಿದರೆ 5 ಯೂನಿಟ್ ಖರ್ಚು. ಮಿಕ್ಕ ಶಕ್ತಿಯೆಲ್ಲ ಹೊರಹೋಗುವ ಬಿಸಿ ಗಾಳಿಯ ಜೊತೆ ಅಡುಗೆಮನೆಗೆ ಸೇರಿತು. ನಾವು ಹಪ್ಪಳ ಒಣಗಿಸುವಾಗ ಇಷ್ಟೊಂದು ಕೆಲಸವನ್ನು ಸೂರ್ಯ ಪುಕ್ಕಟೆಯಾಗಿ ಮಾಡಿಕೊಡುತ್ತಾನೆ.

ಹಾಗಾದರೆ ಮಾಂಸವನ್ನೂ ಮಾಳಿಗೆಯ ಮೇಲೆ ಹರಡಬಹುದಲ್ಲ? ಬೇಡ. ಆಂಡೀಸಿನ ಒಣ ಚಳಿ ನಮ್ಮಲ್ಲಿಲ್ಲ. ಮಾಂಸಕ್ಕೆ ನೊಣ ಮುತ್ತುತ್ತದೆ, ಗಾಳಿಯಲ್ಲಿ ತೇವ ಇದ್ದರೆ ಒಣಗುವ ಮೊದಲೇ ಕೆಡುತ್ತದೆ.

ನಿದ್ದೆ ಹೋದವರು ಸತ್ತವರಲ್ಲ

ಇಲ್ಲಿಯವರೆಗೆ ಕೇಳಿದ್ದನ್ನೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ನೀರು ಹೋದರೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆ. ಆದರೆ ಅವೆಲ್ಲ ಸಾಯುವುದಿಲ್ಲ. ಕೆಲವು ಮುದುಡಿಕೊಂಡು ನಿದ್ದೆ ಹೋಗುತ್ತವೆ. ನಮ್ಮ ಹೊಟ್ಟೆಯೊಳಗೆ ನೀರು ಸಿಕ್ಕಿದ ಕೂಡಲೇ ಎದ್ದು ಕೂರುತ್ತವೆ. 1995ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮನೆಯಲ್ಲೇ ಮಾಡಿದ ಜಿಂಕೆ ಮಾಂಸದ ಜರ್ಕಿಯಿಂದ 11 ಮಂದಿ ಕಾಯಿಲೆ ಬಿದ್ದರು. ಅದರಲ್ಲಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಒಂದು ಕೆಟ್ಟ ಬಗೆ ಇತ್ತು.

"ಯಂತ್ರದೊಳಗೆ 60 ಡಿಗ್ರಿ ಬಿಸಿ ಇತ್ತಲ್ಲ, ಅದಕ್ಕೆ ಸಾಯಲಿಲ್ಲವೇ?" ಎಂದು ಹುಡುಗ ಕೇಳಿದ.

ಅಜ್ಜಿ ಅವನ ಕೈ ಒದ್ದೆ ಮಾಡಿ ಫ್ಯಾನಿನ ಮುಂದೆ ಹಿಡಿದರು. ತಣ್ಣಗಾಯಿತು. ಒಣಗುವಾಗ ನೀರು ತನಗೆ ಬೇಕಾದ ಶಕ್ತಿಯನ್ನು ಮೈಯಿಂದಲೇ ತೆಗೆದುಕೊಳ್ಳುತ್ತದೆ. ನಮ್ಮ ಮಣ್ಣಿನ ಹೂಜಿಯ ನೀರು ಬೇಸಿಗೆಯಲ್ಲೂ ತಣ್ಣಗಿರುವುದು ಹೀಗೆಯೇ. ಪೆಟ್ಟಿಗೆಯ ಗಾಳಿ 60 ಡಿಗ್ರಿ ಇದ್ದರೂ ಒದ್ದೆ ಹೋಳಿನ ಮೈ ಅದಕ್ಕಿಂತ ಎಷ್ಟೋ ತಂಪಾಗಿರುತ್ತದೆ. ಹೋಳು ಒಣಗಿ ನಿಜವಾಗಿ ಬಿಸಿಯಾಗುವ ಹೊತ್ತಿಗೆ ಬ್ಯಾಕ್ಟೀರಿಯಾಗಳೂ ಒಣಗಿ ಗಟ್ಟಿಗರಾಗಿರುತ್ತವೆ. ಒಣ ಬಿಸಿಯನ್ನು ಅವು ತಾಳಿಕೊಳ್ಳುತ್ತವೆ.

ಆದ್ದರಿಂದ ಮೊದಲು ಬಿಸಿ, ಆಮೇಲೆ ಒಣಗಿಸುವುದು. ಅಮೆರಿಕದ ಕೃಷಿ ಇಲಾಖೆ ಹೇಳುವುದೂ ಇದನ್ನೇ: ದನದ ಮಾಂಸವನ್ನು ಒಣಗಿಸುವ ಮುಂಚೆ 71 ಡಿಗ್ರಿ ಸೆಲ್ಸಿಯಸ್‌ವರೆಗೆ, ಕೋಳಿ ಮಾಂಸವನ್ನು 74 ಡಿಗ್ರಿಯವರೆಗೆ ಕಾಯಿಸಬೇಕು. ಅಜ್ಜಿ ಹೋಳುಗಳನ್ನು ಮಸಾಲೆ ರಸದಲ್ಲೇ ಕುದಿಸಿದರು. ಇಷ್ಟು ತೆಳು ಹೋಳಿನೊಳಗೆ ಥರ್ಮಾಮೀಟರ್ ಚುಚ್ಚುವುದು ಹೇಗೆ? ಅವರು ಚಿಮಟದಿಂದ ಒಂದು ಹೋಳನ್ನೆತ್ತಿ, ಥರ್ಮಾಮೀಟರಿನ ಕಡ್ಡಿಗೆ ವೀಳ್ಯದೆಲೆ ಸುತ್ತುವ ಹಾಗೆ ಸುತ್ತಿ ಹಿಡಿದರು. ಮುಳ್ಳು 71 ದಾಟಿದ್ದನ್ನು ಮೊಮ್ಮಗನಿಗೆ ತೋರಿಸಿದ ಮೇಲೆಯೇ ತಟ್ಟೆಗೆ ಹರಡಿದರು. ಒಂದಕ್ಕೊಂದು ತಾಗದಂತೆ, ನಡುವೆ ಗಾಳಿಗೆ ದಾರಿ ಬಿಟ್ಟು.

ನಮ್ಮ ಮೈಸೂರಿನಲ್ಲಿಯೂ ಆಹಾರ ಕೆಡದಂತೆ ಇಡುವುದು ಹೇಗೆಂದು ಸಂಶೋಧನೆ ನಡೆಸುವ ಎರಡು ದೊಡ್ಡ ಸಂಸ್ಥೆಗಳಿವೆ. ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಒಂದು. ಸೈನಿಕರ ಬುತ್ತಿಗಾಗಿ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎಂಬ ಹೆಸರಿನಲ್ಲಿ ಶುರುವಾದದ್ದು ಇನ್ನೊಂದು. ಇಂಕಾ ಅರಸರ ಉಗ್ರಾಣದವರಿಗಿದ್ದ ಚಿಂತೆಯೇ ಇವರದೂ: ದೂರ ಹೋಗುವವರ ಕೈಗೆ ಕೆಡದ ಊಟ ಕೊಡುವುದು ಹೇಗೆ?

ಲೆಕ್ಕ ಸರಿಹೋಯಿತು

ರಾತ್ರಿ ಅಜ್ಜಿ ಒಂದು ಹೋಳನ್ನು ಆರಲು ಬಿಟ್ಟು, ಬಗ್ಗಿಸಿ ನೋಡಿದರು. ಅದು ಸಣ್ಣಗೆ ಬಿರುಕು ಬಿಟ್ಟಿತು, ಎರಡು ತುಂಡಾಗಲಿಲ್ಲ. ಅದೇ ಹದ. ತುಂಡಾದರೆ ಒಣಗಿದ್ದು ಹೆಚ್ಚಾಯಿತು, ಬಿರುಕೇ ಬಿಡದಿದ್ದರೆ ಕಡಿಮೆಯಾಯಿತು. ಗಾಳಿಯಾಡದ ಡಬ್ಬಿಗೆ ತುಂಬಿ ದಿನಾಂಕ ಬರೆದರು. ಮನೆಯಲ್ಲಿ ಮಾಡಿದ ಜರ್ಕಿಯನ್ನು ಒಂದೆರಡು ತಿಂಗಳೊಳಗೆ ಮುಗಿಸಬೇಕು.

ಮೊಮ್ಮಗನ ಪ್ರಶ್ನೆಗೂ ಉತ್ತರ ಸಿಕ್ಕಿತು. ಕಾಣೆಯಾದ 600 ಗ್ರಾಮಿನಲ್ಲಿ ಸ್ವಲ್ಪ ಕುದಿಸಿದ ಪಾತ್ರೆಯ ರಸದಲ್ಲಿದೆ. ಮಿಕ್ಕದ್ದು ಗಾಳಿಯಲ್ಲಿದೆ. ಅಡುಗೆಮನೆಯ ತಣ್ಣನೆಯ ಕಿಟಕಿ ಗಾಜಿನ ಮೇಲೆ ಮಂಜಿನಂತೆ ಕೂತದ್ದೂ ಅದೇ ನೀರು. ಏನೂ ಕಳೆದುಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ.

ಮಕ್ಕಳೇ, ಒಲೆ, ಚಾಕು, ಹಸಿ ಮಾಂಸ ಇವು ದೊಡ್ಡವರ ಜೊತೆ ನಿಂತು ಮಾಡುವ ಕೆಲಸ. ಕರವಸ್ತ್ರದ ಪ್ರಯೋಗ ನಿಮ್ಮದೇ. ಈ ಭಾನುವಾರ ಮಾಡಿ ನೋಡಿ. ಮನೆಯಲ್ಲಿ ಸಂಡಿಗೆ ಇಟ್ಟರೆ ಹಾಕುವಾಗ ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಗಿ ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಮನೆಯ ಮಾಳಿಗೆಯಿಂದ ಎಷ್ಟು ನೀರು ಆಕಾಶಕ್ಕೆ ಹೋಯಿತು ಎಂಬುದು ಆಗ ನಿಮಗೇ ಗೊತ್ತಾಗುತ್ತದೆ.